ಪೇಟ, ಶಾಲು ಸಾಕು. ವಾರಕ್ಕೊಂದು ಗೋಷ್ಠಿ ಬೇಕು

ಗೆ,
ಕಲಾ ನಿಕಾಯದ ಡೀನರು ಮತ್ತು ಮಾನವಿಕ ವಿಭಾಗಗಳ ಮುಖ್ಯಸ್ಥರು,
ಮೈಸೂರು–ಮಂಡ್ಯ ಭಾಗದ ವಿಶ್ವವಿದ್ಯಾನಿಲಯಗಳು ಹಾಗೂ ಸ್ನಾತಕೋತ್ತರ ಕೇಂದ್ರಗಳು.

ವಿಷಯ: ವಿಭಾಗಗಳಲ್ಲಿ ವಾರದ ಸಂಶೋಧನಾ ಗೋಷ್ಠಿ ಆರಂಭಿಸುವ ಕುರಿತು.

ಮಾನ್ಯರೇ,

ನಮ್ಮ ಭಾಗದಲ್ಲಿ ವಿಚಾರ ಸಂಕಿರಣಗಳಿಗೇನೂ ಬರವಿಲ್ಲ. ಆರ್ಥಿಕ ವರ್ಷ ಮುಗಿಯುವ ಮುನ್ನ ಅನುದಾನ ಖರ್ಚು ಮಾಡಿ ಬಳಕೆ ಪ್ರಮಾಣಪತ್ರ ಕಳಿಸಬೇಕಾದ ಫೆಬ್ರವರಿ, ಮಾರ್ಚ್ ತಿಂಗಳುಗಳಲ್ಲಂತೂ ಒಂದೇ ವಾರಕ್ಕೆ ಎರಡು ಮೂರು ಬ್ಯಾನರ್ ಏರುತ್ತವೆ. ಬರ ಇರುವುದು ಬೇರೆ ಕಡೆ. ಸಂಶೋಧನೆ ಇನ್ನೂ ನಡೆಯುತ್ತಿರುವಾಗ, ಅರ್ಧ ಬರೆದ ಅಧ್ಯಾಯವನ್ನು ಬಲ್ಲವರ ಮುಂದಿಟ್ಟು, ಎಲ್ಲಿ ಸಡಿಲವಾಗಿದೆ ಎಂದು ಕೇಳಿಸಿಕೊಳ್ಳುವ ಒಂದು ಕೊಠಡಿ ಬಹುತೇಕ ವಿಭಾಗಗಳಲ್ಲಿ ಇಲ್ಲ. ಅದನ್ನು ಕೇಳಲೆಂದೇ ಈ ಪತ್ರ. ಯಾವ ವಿಭಾಗದ ಹೆಸರನ್ನೂ ಎತ್ತಿಲ್ಲ. ಒಂದು ಹೆಸರು ಹೇಳಿದರೆ ಉಳಿದವರಿಗೆ ತಪ್ಪಿಸಿಕೊಳ್ಳಲು ದಾರಿಯಾಗುತ್ತದೆ.

ಈಗ ನಡೆಯುತ್ತಿರುವುದು ಹೇಗೆ ಎಂಬುದು ತಮಗೆ ಗೊತ್ತಿಲ್ಲದ್ದೇನಲ್ಲ. ಆದರೂ ಒಮ್ಮೆ ಗಡಿಯಾರ ಹಿಡಿದು ನೋಡಬೇಕು. ಆಹ್ವಾನ ಪತ್ರಿಕೆಯಲ್ಲಿ ಬೆಳಗ್ಗೆ 10.30 ಎಂದಿರುತ್ತದೆ. ಉದ್ಘಾಟಕರು ಬರುವುದು 11.15ಕ್ಕೆ. ನಾಡಗೀತೆ, ಸ್ವಾಗತ, ಪ್ರಾಸ್ತಾವಿಕ ನುಡಿ, ದೀಪ, ಉದ್ಘಾಟನಾ ಭಾಷಣ, ಆಶಯ ಭಾಷಣ, ಕಳೆದ ವರ್ಷದ ಗೋಷ್ಠಿಯ ಪುಸ್ತಕ ಬಿಡುಗಡೆ, ಇಬ್ಬರು ಮೂವರು ಮುಖ್ಯ ಅತಿಥಿಗಳ ಮಾತು, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ. ನಡುನಡುವೆ ಒಬ್ಬೊಬ್ಬರಿಗೂ ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ, ಫಲಕ, ಮತ್ತು ಫೋಟೋ ಸರಿಯಾಗಿ ಬಾರದಿದ್ದರೆ ಇನ್ನೊಮ್ಮೆ ಫಲಕ. ಊಟಕ್ಕೆ ಏಳುವಾಗ ಒಂದೂಮುಕ್ಕಾಲು. ಅಷ್ಟರವರೆಗೆ ಒಂದು ಪ್ರಬಂಧವೂ ಓದಿರುವುದಿಲ್ಲ, ಒಂದು ಪ್ರಶ್ನೆಯೂ ಬಂದಿರುವುದಿಲ್ಲ.

ಮಧ್ಯಾಹ್ನ ಸಮಾನಾಂತರ ಗೋಷ್ಠಿಗಳು. ಒಂದೊಂದು ಕೊಠಡಿಗೆ ಹನ್ನೆರಡು ಪ್ರಬಂಧ, ಒಂದೂವರೆ ಗಂಟೆ. ಅಧ್ಯಕ್ಷರ ಮಾತಿಗೆ ಹದಿನೈದು ನಿಮಿಷ ತೆಗೆದರೆ ಒಬ್ಬರಿಗೆ ಸಿಗುವುದು ಆರು ನಿಮಿಷ ಚಿಲ್ಲರೆ. ಎಂಟು ಪುಟದ ಪ್ರಬಂಧವನ್ನು ಗಟ್ಟಿಯಾಗಿ ಓದಲು ಇಪ್ಪತ್ತು ನಿಮಿಷವಾದರೂ ಬೇಕು. ಹಾಗಾಗಿ ಮೊದಲ ಪುಟದಲ್ಲಿ ‘ಸಾಹಿತ್ಯವು ಸಮಾಜದ ಕನ್ನಡಿ’ ಎಂಬ ಪೀಠಿಕೆ ಓದಿ ಮುಗಿಸುವಷ್ಟರಲ್ಲಿ ಚೀಟಿ ಬರುತ್ತದೆ. ‘ಸಮಯದ ಅಭಾವದಿಂದ’ ಎನ್ನುತ್ತಾ ಆರು ಪುಟ ಹಾರಿ ಕೊನೆಯ ಪ್ಯಾರಾ ಓದಿ ಇಳಿಯುತ್ತಾರೆ. ಆಕರ, ಪುರಾವೆ, ವಾದ, ಇವೆಲ್ಲ ಇರುವುದು ಆ ಆರು ಪುಟಗಳಲ್ಲಿ. ಚರ್ಚೆ ಎಂದು ಕಾರ್ಯಕ್ರಮ ಪಟ್ಟಿಯಲ್ಲಿ ಅಚ್ಚಾಗಿರುವ ಹತ್ತು ನಿಮಿಷವನ್ನು ತಡವಾಗಿ ಬಂದ ಒಬ್ಬರಿಗೆ ಕೊಡಲಾಗುತ್ತದೆ. ಪ್ರಮಾಣಪತ್ರ ಕೈಸೇರಿದ ಮೇಲೆ ಕೊಠಡಿಯಲ್ಲಿ ಉಳಿಯುವವರು ಇನ್ನೂ ಓದದೆ ಇರುವವರು ಮತ್ತು ಹಾಜರಾತಿಗಾಗಿ ಕೂರಿಸಿದ ಎಂ.ಎ. ವಿದ್ಯಾರ್ಥಿಗಳು ಮಾತ್ರ.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಎಷ್ಟೋ ಕಡೆ ಸಂಶೋಧನಾರ್ಥಿನಿಯರಿಗೆ ಗೋಷ್ಠಿಯ ಎರಡೂ ದಿನ ಸಿಗುವ ಕೆಲಸ ಬಾಗಿಲಲ್ಲಿ ಪನ್ನೀರು, ಅರಿಶಿನ ಕುಂಕುಮ, ವೇದಿಕೆಯ ಮೇಲೆ ತಟ್ಟೆ ಹಿಡಿದು ನಿಲ್ಲುವುದು. ಅತಿಥಿ ಉಪನ್ಯಾಸಕರು ಊಟದ ಕೂಪನ್ ಮತ್ತು ಕಾರಿನ ಉಸ್ತುವಾರಿಯಲ್ಲಿರುತ್ತಾರೆ. ಮೂರು ವರ್ಷ ಒಂದು ವಿಷಯದ ಮೇಲೆ ಕೂತವರಿಗೆ ತಮ್ಮದೇ ವಿಭಾಗದ ಗೋಷ್ಠಿಯಲ್ಲಿ ಮೈಕು ಸಿಗುವುದು ಕೆಲವೊಮ್ಮೆ ನಿರೂಪಣೆಗೆ ಮಾತ್ರ.

ಹೀಗಾಗಲು ಯಾರ ದುರುದ್ದೇಶವೂ ಬೇಕಿಲ್ಲ, ಅಂಕಪಟ್ಟಿ ಸಾಕು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ (ಯುಜಿಸಿ) 2018ರ ನೇಮಕಾತಿ ಮತ್ತು ಬಡ್ತಿ ನಿಯಮಾವಳಿಯಲ್ಲಿ ಗೋಷ್ಠಿಯಲ್ಲಿ ಪ್ರಬಂಧ ಮಂಡಿಸಿದರೆ ರಾಜ್ಯ ಅಥವಾ ವಿಶ್ವವಿದ್ಯಾನಿಲಯ ಮಟ್ಟಕ್ಕೆ 2, ರಾಷ್ಟ್ರೀಯಕ್ಕೆ 3, ದೇಶದೊಳಗಿನ ಅಂತರರಾಷ್ಟ್ರೀಯಕ್ಕೆ 5, ವಿದೇಶದಲ್ಲಾದರೆ 7 ಅಂಕ. ಒಂದೇ ಸಭಾಂಗಣ, ಅದೇ ಜನ, ಅದೇ ಉಪ್ಪಿಟ್ಟು ಕೇಸರಿಬಾತು; ಆನ್‌ಲೈನ್‌ನಲ್ಲಿ ಹೊರದೇಶದ ಒಬ್ಬರು ಹದಿನೈದು ನಿಮಿಷ ಕಾಣಿಸಿಕೊಂಡರೆ ಬ್ಯಾನರ್ ಮೇಲೆ ‘ಅಂತರರಾಷ್ಟ್ರೀಯ’ ಎಂದು ಬರೆಯಲು ಯಾರಿಗೆ ಮನಸ್ಸಾಗುವುದಿಲ್ಲ? ವಿಭಾಗದ ಕೊಠಡಿಯಲ್ಲಿ ವಾರವಾರ ಕೂತು, ಇನ್ನೊಬ್ಬರ ಕರಡು ಓದಿ ಪ್ರಶ್ನೆ ಕೇಳುವ ಅಧ್ಯಾಪಕರಿಗೆ ಇದೇ ಪಟ್ಟಿಯಲ್ಲಿ ಅರ್ಧ ಅಂಕವೂ ಇಲ್ಲ.

ಸಂಶೋಧನಾರ್ಥಿಗಳ ಮಟ್ಟಿಗೆ ಈ ಓಟ ಈಗ ಅಗತ್ಯವೂ ಇಲ್ಲ. ಪಿಎಚ್.ಡಿ. ಪ್ರಬಂಧ ಒಪ್ಪಿಸುವ ಮೊದಲು ಒಂದು ಲೇಖನ ಪ್ರಕಟವಾಗಿರಬೇಕು, ಎರಡು ಗೋಷ್ಠಿಗಳಲ್ಲಿ ಮಂಡನೆ ಆಗಿರಬೇಕು ಎಂದು 2016ರ ನಿಯಮಾವಳಿ ಹೇಳುತ್ತಿತ್ತು. 2022ರ ನವೆಂಬರ್‌ನಲ್ಲಿ ಬಂದ ಹೊಸ ನಿಯಮಾವಳಿ ಆ ಕಡ್ಡಾಯವನ್ನು ಕೈಬಿಟ್ಟಿದೆ. ಆದರೂ ಹಳೆಯ ಭಯ ಹೋಗಿಲ್ಲ. ನೋಂದಣಿ ಶುಲ್ಕ ಕಟ್ಟಿ, ಪ್ರಕಟಣೆಗೆ ಬೇರೆ ಶುಲ್ಕ ಕಟ್ಟಿ, ‘ಐಎಸ್‌ಬಿಎನ್ ಸಹಿತ ಪುಸ್ತಕ’ ಎಂಬ ಸಾಲನ್ನು ನೋಡಿ ಫೆಲೋಶಿಪ್ ಹಣ ಸುರಿಯುವವರು ಇದ್ದಾರೆ. ಐಎಸ್‌ಬಿಎನ್ ಎಂಬುದು ಪುಸ್ತಕವನ್ನು ಗುರುತಿಸುವ ಸಂಖ್ಯೆ, ಅಷ್ಟೆ. ನಮ್ಮ ದೇಶದಲ್ಲಿ ಪ್ರಕಾಶಕರಿಗೆ ಅದನ್ನು ರಾಜಾ ರಾಮಮೋಹನ ರಾಯ್ ಹೆಸರಿನ ರಾಷ್ಟ್ರೀಯ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಒಳಗಿನ ಲೇಖನವನ್ನು ಯಾರಾದರೂ ಓದಿ ನೋಡಿದ್ದಾರೆ ಎಂಬುದಕ್ಕೆ ಅದು ಸಾಕ್ಷಿಯಲ್ಲ.

ಇದರಿಂದ ಆಗುವ ನಷ್ಟ ಎಂಥದ್ದು ಎಂಬುದಕ್ಕೆ ಮಂಡ್ಯದ್ದೇ ಒಂದು ಉದಾಹರಣೆ. ಮಂಡ್ಯ ಪ್ರತ್ಯೇಕ ಜಿಲ್ಲೆಯಾದದ್ದು 1939ರಲ್ಲಿ. ಅದಕ್ಕೂ ಮೊದಲು, ಶಾಸನತಜ್ಞ ಬಿ.ಎಲ್. ರೈಸ್ ಕಾಲದಲ್ಲಿ ಬಂದ ಶಾಸನ ಸಂಪುಟಮಾಲೆ ಎಪಿಗ್ರಾಫಿಯ ಕರ್ನಾಟಿಕದಲ್ಲಿ ಈ ಭಾಗದ ಶಾಸನಗಳು ಮೈಸೂರು ಜಿಲ್ಲೆಯ ಹೆಸರಿನಡಿ 3 ಮತ್ತು 4ನೇ ಸಂಪುಟಗಳಲ್ಲಿದ್ದವು. ಮೈಸೂರಿನಿಂದಲೇ ಹೊರಬಂದ ಪರಿಷ್ಕೃತ ಆವೃತ್ತಿಯಲ್ಲಿ ಅವು 6 ಮತ್ತು 7ನೇ ಸಂಪುಟಗಳಿಗೆ ಬಂದವು. ಹೊಸ ಶಾಸನಗಳು ಸೇರಿದವು, ಕ್ರಮಸಂಖ್ಯೆಗಳು ಬದಲಾದವು, ಎಷ್ಟೋ ಕಡೆ ಪಾಠವೂ ತಿದ್ದುಪಡಿಯಾಯಿತು. ಈಗ ಒಬ್ಬ ವಿದ್ಯಾರ್ಥಿ ಕೆರೆ, ತೂಬು, ಬಿತ್ತುವಟ್ಟದ (ಕೆರೆಯ ಕೆಲಸಕ್ಕಾಗಿ ಬಿಟ್ಟ ಜಮೀನು) ಬಗ್ಗೆ ಬರೆಯುತ್ತಾನೆ ಎನ್ನಿ. ಶಾಸನ ಸಂಖ್ಯೆಯನ್ನು ಯಾವುದೋ ಹಳೆಯ ಪುಸ್ತಕದ ಅಡಿಟಿಪ್ಪಣಿಯಿಂದ ಎತ್ತಿಕೊಂಡು, ಸಂಪುಟದ ಸಂಖ್ಯೆಯನ್ನು ಗ್ರಂಥಾಲಯದಲ್ಲಿ ಕಣ್ಣಿಗೆ ಬಿದ್ದ ಹೊಸ ಆವೃತ್ತಿಯಿಂದ ಹಾಕುತ್ತಾನೆ. ಹುಡುಕಿದರೆ ಆ ಜಾಗದಲ್ಲಿ ಇನ್ಯಾವುದೋ ಊರಿನ ವೀರಗಲ್ಲು ಸಿಗುತ್ತದೆ. ಮೇಜಿನ ಸುತ್ತ ಎಂಟು ಜನ ಕೂತಿದ್ದರೆ ಯಾರಾದರೂ ಒಬ್ಬರು ‘ಯಾವ ಆವೃತ್ತಿ? ಮೂಲ ಪಾಠ ನೋಡಿದ್ದೀರಾ?’ ಎಂದು ಕೇಳುತ್ತಾರೆ, ಒಂದು ನಿಮಿಷದಲ್ಲಿ ತಪ್ಪು ಸಿಕ್ಕಿಬೀಳುತ್ತದೆ. ಯಾರೂ ಕೇಳದಿದ್ದರೆ ಅದು ನಾಲ್ಕು ಅಧ್ಯಾಯಗಳಿಗೆ ಹಬ್ಬಿ, ಐದನೇ ವರ್ಷದಲ್ಲಿ ಹೊರಗಿನ ಪರೀಕ್ಷಕರ ವರದಿಯಲ್ಲಿ ‘ಪರಿಷ್ಕರಿಸಿ ಮರುಸಲ್ಲಿಸಿ’ ಎಂಬ ಸಾಲಾಗಿ ಬರುತ್ತದೆ. ಪರೀಕ್ಷಕರೂ ಗಮನಿಸದಿದ್ದರೆ ನೇರ ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾ ಸೇರಿ, ಅಲ್ಲಿಂದ ಮುಂದಿನವರ ಅಡಿಟಿಪ್ಪಣಿಗೆ ಇಳಿಯುತ್ತದೆ.

ಇನ್ನೊಂದು ಉದಾಹರಣೆ: ಕನ್ನಡದ ಅತಿ ಹಳೆಯ ಶಾಸನ ಎನಿಸಿಕೊಂಡಿದ್ದ ಹಲ್ಮಿಡಿ ಶಾಸನ ಬೆಳಕಿಗೆ ಬಂದದ್ದು 1936ರಲ್ಲಿ, ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರಿಂದ. ಅದರಲ್ಲಿ ಕಾಲದ ಉಲ್ಲೇಖವಿಲ್ಲ. ಲಿಪಿಯ ರೂಪ, ಅದರಲ್ಲಿ ಬರುವ ಹೆಸರುಗಳು, ಭಾಷೆ, ಇವುಗಳ ಆಧಾರದ ಮೇಲೆ ಸುಮಾರು ಕ್ರಿ.ಶ. 450 ಎಂದು ವಿದ್ವಾಂಸರು ನಿಲುವಿಗೆ ಬಂದರು, ಇಂದಿಗೂ ಅದರ ಮೇಲೆ ವಾದ ನಡೆಯುತ್ತಿದೆ. ಈಚೆಗೆ ತಾಳಗುಂದದ ಸಿಂಹಕಟಾಂಜನ ಶಾಸನ ಅದಕ್ಕಿಂತ ಹಳೆಯದು ಎಂಬ ಅಭಿಪ್ರಾಯವೂ ಬಂದಿದೆ. ಒಂದು ಅಕ್ಷರದ ತಲೆಕಟ್ಟು ಹೇಗಿದೆ ಎಂಬುದರ ಮೇಲೆ ಒಂದು ಶತಮಾನ ಹಿಂದೆ ಮುಂದೆ ಆಗುವ ಇಂಥ ವಿಷಯವನ್ನು ಆರು ನಿಮಿಷದಲ್ಲಿ, ಕಲ್ಲಿನಿಂದ ತೆಗೆದ ಪಡಿಯಚ್ಚು ಎದುರಿಗಿಲ್ಲದೆ, ವೇದಿಕೆಯಿಂದ ಓದಿ ಮುಗಿಸುವುದೆಂದರೆ ಏನರ್ಥ? ಪಡಿಯಚ್ಚಿನ ಜೆರಾಕ್ಸ್ ಎಲ್ಲರ ಕೈಯಲ್ಲಿದ್ದು, ಹದಿನಾರು ಸಾಲನ್ನೂ ಬೆರಳಿಟ್ಟು ಓದಿದರೆ ಮಾತ್ರ ಚರ್ಚೆ ಶುರುವಾಗುತ್ತದೆ.

ಕನ್ನಡದ ಸಂಶೋಧನೆಗೆ ಇನ್ನೊಂದು ಸಂಕಟವಿದೆ, ಇದನ್ನು ತಾವು ಕಡತದಲ್ಲಿ ಕಾಣುವುದಿಲ್ಲ. 2018ರ ಕೃತಿಚೌರ್ಯ ನಿಯಮದಂತೆ ಶೇ 10ರವರೆಗಿನ ಹೋಲಿಕೆಗೆ ದಂಡನೆಯಿಲ್ಲ, ಅದಕ್ಕೆ ಮೇಲ್ಪಟ್ಟರೆ ಹಂತಹಂತವಾಗಿ ಶಿಕ್ಷೆ. ಅದನ್ನು ಅಳೆಯುವುದು ತಂತ್ರಾಂಶ. ಆದರೆ ಹಳೆಯ ನುಡಿ, ಬರಹ ಫಾಂಟ್‌ಗಳಲ್ಲಿ, ಯೂನಿಕೋಡ್ ಅಲ್ಲದ ಸಂಕೇತದಲ್ಲಿ ಟೈಪಾದ ಪ್ರಬಂಧ ಆ ತಂತ್ರಾಂಶಕ್ಕೆ ಕನ್ನಡವಾಗಿ ಕಾಣುವುದೇ ಇಲ್ಲ, ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಹೋಲಿಸಲು ಬೇಕಾದ ಕನ್ನಡ ಪುಸ್ತಕಗಳೂ ಬಹುಪಾಲು ಅಚ್ಚಿನಲ್ಲಿವೆಯೇ ಹೊರತು ಅದರ ಕೈಗೆ ಸಿಗುವಂತೆ ಇಲ್ಲ. ಆದ್ದರಿಂದ ಕನ್ನಡದಲ್ಲಿ ‘ಶೇ 2’ ಎಂದು ಬರುವ ವರದಿಯನ್ನು ನಂಬುವಂತಿಲ್ಲ. ಈ ಪ್ಯಾರಾ ಎಲ್ಲೋ ಓದಿದ ಹಾಗಿದೆಯಲ್ಲ ಎಂದು ಗುರುತು ಹಿಡಿಯುವುದು ಓದಿಕೊಂಡ ಮನುಷ್ಯರು ಮಾತ್ರ. ಅವರು ಪ್ರಬಂಧವನ್ನು ಮೊದಲ ಬಾರಿಗೆ ನೋಡುವುದು ರಟ್ಟು ಕಟ್ಟಿಸಿದ ಮೇಲಾದರೆ ಪ್ರಯೋಜನವೇನು?

ನಾವು ಕೇಳುವುದು ದೊಡ್ಡದೇನಲ್ಲ. ವಾರದಲ್ಲಿ ಒಂದು ದಿನ, ತೊಂಬತ್ತು ನಿಮಿಷ, ಒಂದು ಪ್ರಬಂಧ. ಬುಧವಾರ ಅಥವಾ ಗುರುವಾರ ಮಧ್ಯಾಹ್ನ 2.30ರಿಂದ 4 ಗಂಟೆ ಒಳ್ಳೆಯದು. ಶನಿವಾರ ಇಟ್ಟರೆ ಹಾಸ್ಟೆಲಿನ ಅರ್ಧ ಜನ ಊರಿಗೆ ಹೋಗಿರುತ್ತಾರೆ. ನಾಲ್ಕರ ಮೇಲೆ ಇಟ್ಟರೆ ಕೆ.ಆರ್. ಪೇಟೆ, ಮಳವಳ್ಳಿ, ನಂಜನಗೂಡು ಕಡೆಯಿಂದ ಓಡಾಡುವವರು ಬಸ್ಸಿನ ಯೋಚನೆಯಲ್ಲೇ ಕೂತಿರುತ್ತಾರೆ. ಸಭಾಂಗಣ ಬೇಡವೇ ಬೇಡ. ಇಪ್ಪತ್ತು ಇಪ್ಪತ್ತೈದು ಕುರ್ಚಿ ಹಿಡಿಯುವ ತರಗತಿ ಕೊಠಡಿಯಲ್ಲಿ ಮೇಜುಗಳನ್ನು ಚೌಕವಾಗಿ ಜೋಡಿಸಿದರೆ ಮೈಕೂ ಬೇಕಿಲ್ಲ, ವೇದಿಕೆಯೂ ಬೇಕಿಲ್ಲ. ಖರ್ಚೆಂದರೆ ಟೀ ಮತ್ತು ಜೆರಾಕ್ಸ್. ಎರಡು ದಿನದ ಒಂದು ಗೋಷ್ಠಿಯ ಪೇಟ, ಶಾಲು, ಫಲಕದ ಬಾಬ್ತಿನಲ್ಲಿ ಒಂದು ಸೆಮಿಸ್ಟರ್ ಪೂರ್ತಿ ಇದು ನಡೆಯುತ್ತದೆ.

ಪ್ರಬಂಧ ಏಳು ದಿನ ಮೊದಲು ಎಲ್ಲರ ಕೈಸೇರಬೇಕು. ಹತ್ತು ಹನ್ನೆರಡು ಪುಟ ಸಾಕು. ಇಡೀ ಅಧ್ಯಾಯ ಕೊಟ್ಟರೆ ಯಾರೂ ಓದುವುದಿಲ್ಲ. ಯೂನಿಕೋಡ್‌ನಲ್ಲೇ ಇರಬೇಕು, ಇಲ್ಲದಿದ್ದರೆ ಮೊಬೈಲಿನಲ್ಲಿ ತೆರೆದವರಿಗೆ ಅಕ್ಷರದ ಬದಲು ಚಿಹ್ನೆಗಳು ಕಾಣುತ್ತವೆ. ಮೊದಲ ಪುಟದಲ್ಲಿ ಮೂರು ಸಾಲು: ನನ್ನ ಪ್ರಶ್ನೆ ಏನು, ಆಕರ ಯಾವುದು, ಎಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಮೂರನೆಯ ಸಾಲು ಬರೆಯಲು ನಮ್ಮಲ್ಲಿ ಬಹಳ ಸಂಕೋಚ. ಆದರೆ ಅದಿಲ್ಲದಿದ್ದರೆ ಕೇಳುಗರು ‘ಪ್ರಬಂಧ ಚೆನ್ನಾಗಿ ಮೂಡಿಬಂದಿದೆ’ ಎನ್ನುವುದನ್ನು ಬಿಟ್ಟು ಬೇರೇನೂ ಹೇಳಲಾರರು. ಪದ್ಯ, ಶಾಸನ, ಕ್ಷೇತ್ರಕಾರ್ಯದ ಹೇಳಿಕೆ, ಯಾವುದರ ಮೇಲೆ ವಾದ ನಿಂತಿದೆಯೋ ಅದು ಒಂದು ಹಾಳೆಯಲ್ಲಿ ಎಲ್ಲರ ಮುಂದಿರಲಿ. ಹಸ್ತಪ್ರತಿಯ ಕೆಲಸವಾದರೆ ಪಾಠಾಂತರಗಳನ್ನೂ ಪಕ್ಕದಲ್ಲಿ ಕೊಡಲಿ.

ಓದುವುದು ಬೇಡ, ಎಲ್ಲರೂ ಓದಿಕೊಂಡೇ ಬಂದಿರುತ್ತಾರೆ. ಮಂಡಿಸುವವರು ಇಪ್ಪತ್ತೈದು ನಿಮಿಷ ಮಾತಾಡಲಿ. ಮೊದಲೇ ಗೊತ್ತುಮಾಡಿದ ಒಬ್ಬ ಪ್ರತಿಕ್ರಿಯೆದಾರರು ಹತ್ತು ನಿಮಿಷ. ಇವರು ಇನ್ನೊಬ್ಬ ಸಂಶೋಧನಾರ್ಥಿಯೇ ಆಗಿದ್ದರೆ ಇಬ್ಬರಿಗೂ ಲಾಭ. ಉಳಿದ ಐವತ್ತೈದು ನಿಮಿಷ ಪ್ರಶ್ನೆಗೆ. ಪ್ರಶ್ನೆಗಳ ಸರದಿ ಮುಖ್ಯ: ಮೊದಲು ಎಂ.ಎ. ವಿದ್ಯಾರ್ಥಿಗಳು, ಆಮೇಲೆ ಸಂಶೋಧನಾರ್ಥಿಗಳು, ಕೊನೆಗೆ ಅಧ್ಯಾಪಕರು. ಹಿರಿಯರು ಮೊದಲು ಮಾತಾಡಿದರೆ ಅದೇ ತೀರ್ಪು ಎಂದುಕೊಂಡು ಉಳಿದವರು ತಲೆಯಾಡಿಸುತ್ತಾರೆ. ಇತಿಹಾಸ, ಸಮಾಜಶಾಸ್ತ್ರ, ತತ್ತ್ವಶಾಸ್ತ್ರ ವಿಭಾಗಗಳಲ್ಲೂ ಕನ್ನಡದಲ್ಲಿ ಕೇಳಲು, ಉತ್ತರಿಸಲು ಮುಕ್ತ ಅವಕಾಶ ಇರಲಿ. ಇಂಗ್ಲಿಷ್ ವಾಕ್ಯ ಜೋಡಿಸುವುದರಲ್ಲೇ ಒಳ್ಳೆಯ ಪ್ರಶ್ನೆಗಳು ಸತ್ತುಹೋಗುತ್ತಿವೆ.

ಕೆಡುವುದು ಎಲ್ಲಿ ಎಂಬುದನ್ನೂ ಹೇಳಬೇಕು. ವಿದ್ಯಾರ್ಥಿಗೆ ಕೇಳಿದ ಪ್ರಶ್ನೆಗೆ ಮಾರ್ಗದರ್ಶಕರೇ ಉತ್ತರ ಕೊಡುವುದು ಎಲ್ಲಕ್ಕಿಂತ ಸಾಮಾನ್ಯ ರೋಗ. ಆ ದಿನ ಮಾರ್ಗದರ್ಶಕರು ಕೇಳುಗರಷ್ಟೇ ಆಗಿರಬೇಕು, ಗೋಷ್ಠಿಯನ್ನು ನಡೆಸುವವರು ಬೇರೆಯವರಾಗಿರಬೇಕು. ಎರಡನೆಯದು, ಪ್ರಶ್ನೆಯ ವೇಷದ ಭಾಷಣ. ಎರಡು ನಿಮಿಷ ದಾಟಿದರೆ ನಿಲ್ಲಿಸುವ ಅಧಿಕಾರ ನಡೆಸುವವರಿಗೆ ಇರಲಿ, ಮಾತಾಡುತ್ತಿರುವವರು ಮುಖ್ಯಸ್ಥರಾದ ತಾವೇ ಆಗಿದ್ದರೂ. ಮೂರನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ‘ಇವನು ಯಾರ ವಿದ್ಯಾರ್ಥಿ’ ಎಂದು ತಿಳಿದುಕೊಂಡು, ಮಾರ್ಗದರ್ಶಕರ ಮೇಲಿನ ಸಿಟ್ಟನ್ನು ವಿದ್ಯಾರ್ಥಿಯ ಮೇಲೆ ತೀರಿಸಿಕೊಳ್ಳುವುದು. ಇದಕ್ಕೆ ನಿಯಮದಲ್ಲಿ ಮದ್ದಿಲ್ಲ. ಆದರೆ ಪ್ರಬಂಧ ಎಲ್ಲರ ಕೈಯಲ್ಲಿದ್ದಾಗ, ‘ಯಾವ ಪುಟ, ಯಾವ ಸಾಲು’ ಎಂದು ಕೇಳುವ ರೂಢಿ ಬಂದರೆ ಇಂಥ ಮಾತುಗಳಿಗೆ ನಿಲ್ಲಲು ಜಾಗ ಸಿಗುವುದಿಲ್ಲ.

ಹಿಂದೆಯೂ ಕೆಲವು ವಿಭಾಗಗಳಲ್ಲಿ ಹೀಗೆ ಶುರುಮಾಡಿ, ನಾಲ್ಕನೇ ವಾರಕ್ಕೆ ನಿಂತದ್ದುಂಟು. ನಿಲ್ಲುವ ಕಾರಣಗಳು ಯಾವಾಗಲೂ ಅವೇ. ಎರಡು ವರ್ಷಕ್ಕೊಮ್ಮೆ ಮುಖ್ಯಸ್ಥರು ಬದಲಾಗುತ್ತಾರೆ, ಗೋಷ್ಠಿ ಅವರ ಸ್ವಂತ ಉತ್ಸಾಹವಾಗಿದ್ದರೆ ಅವರೊಂದಿಗೇ ಹೋಗುತ್ತದೆ. ಮಂಡಿಸಬೇಕಾದವರು ಹಿಂದಿನ ದಿನ ಆಗುವುದಿಲ್ಲ ಎನ್ನುತ್ತಾರೆ. ಯಾವುದೋ ಸಭೆಗೆ ಕೊಠಡಿ ಬೇಕಾಗುತ್ತದೆ. ಹಾಗಾಗಿ ಸೆಮಿಸ್ಟರಿನ ಮೊದಲ ವಾರವೇ ಇಡೀ ಪಟ್ಟಿ ಸೂಚನಾಫಲಕದಲ್ಲಿ ಇರಲಿ, ವೇಳಾಪಟ್ಟಿಯಲ್ಲಿ ಅದು ಒಂದು ಪೀರಿಯಡ್ ಆಗಿರಲಿ. ಮಂಡಿಸುವವರು ಕೈಕೊಟ್ಟರೂ ಗೋಷ್ಠಿ ರದ್ದಾಗಬಾರದು. ಐದು ಪುಟದ ಯಾವುದಾದರೂ ಪಠ್ಯವನ್ನು ಕೂಡಿ ಓದಿದರೂ ಆಯಿತು. ಸಂಚಾಲಕರು ಇಬ್ಬರಿರಲಿ, ಒಬ್ಬ ಅಧ್ಯಾಪಕರು, ಒಬ್ಬ ಸಂಶೋಧನಾರ್ಥಿ. ಒಂದು ದಪ್ಪ ರಿಜಿಸ್ಟರಿನಲ್ಲಿ ದಿನಾಂಕ, ಶೀರ್ಷಿಕೆ, ಕೇಳಿದ ಪ್ರಶ್ನೆ, ಕೇಳಿದವರು ಇಷ್ಟನ್ನು ಬರೆದಿಡಲಿ. ಸಂಸ್ಥೆಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ನವರಿಗೆ ಜಿಯೋಟ್ಯಾಗ್ ಫೋಟೋ ಬೇಕಾದರೆ ಅದನ್ನೂ ತೆಗೆದುಕೊಳ್ಳೋಣ, ಟೀ ಕುಡಿಯುವಾಗ.

ಹುದ್ದೆಗಳು ಖಾಲಿ ಇವೆ, ಅತಿಥಿ ಉಪನ್ಯಾಸಕರ ಮೇಲೆ ವಿಭಾಗ ನಡೆಯುತ್ತಿದೆ, ಇದಕ್ಕೆಲ್ಲ ಜನ ಎಲ್ಲಿ ಎಂದು ತಾವು ಕೇಳಬಹುದು. ಮಾತು ನಿಜ. ಆದ್ದರಿಂದಲೇ ಒಂದೊಂದು ವಿಭಾಗ ಒಂಟಿಯಾಗಿ ಮಾಡಬೇಕಿಲ್ಲ. ಕನ್ನಡ, ಜಾನಪದ, ಇತಿಹಾಸ, ಭಾಷಾವಿಜ್ಞಾನ ಒಟ್ಟಿಗೆ ಕೂರಬಹುದು. ಮಂಡ್ಯದಲ್ಲಿ ಎರಡು ಮೂರು ಸ್ನಾತಕೋತ್ತರ ವಿಭಾಗ ಸೇರಿದರೆ ಸಾಕು. ಮೈಸೂರಿಗಂತೂ ನೆಪವೇ ಇಲ್ಲ. 1905ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ ಬಂದು ಸೇರಿದ್ದು, ಆರ್. ಶಾಮಶಾಸ್ತ್ರಿಗಳು ಅದನ್ನು 1909ರಲ್ಲಿ ಅಚ್ಚಿಗೆ ತಂದದ್ದು ಇಲ್ಲಿನ ಪ್ರಾಚ್ಯ ಗ್ರಂಥಾಲಯದಲ್ಲಿ. ಆ ಸಂಸ್ಥೆ ಈಗಲೂ ಇದೆ. ಭಾರತೀಯ ಭಾಷಾ ಸಂಸ್ಥಾನ 1969ರಿಂದ ಇದೇ ಊರಿನಲ್ಲಿದೆ. ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗವೂ ಇಲ್ಲಿದೆ. ಆಟೋದಲ್ಲಿ ಹೋಗಿಬರುವಷ್ಟು ದೂರದಲ್ಲಿರುವ ಇವರನ್ನು ಬಿಟ್ಟು, ವಿಮಾನದ ಟಿಕೆಟ್ ಕೊಟ್ಟು ಆಶಯ ಭಾಷಣಕಾರರನ್ನು ಕರೆಸುತ್ತಿದ್ದೇವೆ.

ಲೆಕ್ಕವನ್ನೂ ನೋಡೋಣ. ನಿಯಮದಂತೆ ಪ್ರಾಧ್ಯಾಪಕರ ಬಳಿ 8, ಸಹ ಪ್ರಾಧ್ಯಾಪಕರ ಬಳಿ 6, ಸಹಾಯಕ ಪ್ರಾಧ್ಯಾಪಕರ ಬಳಿ 4 ಸಂಶೋಧನಾರ್ಥಿಗಳು ಇರಬಹುದು. ಈ ಮೂರೂ ಹುದ್ದೆಗಳಲ್ಲಿ ಒಬ್ಬೊಬ್ಬರಿರುವ ವಿಭಾಗಕ್ಕೆ ಹೆಚ್ಚೆಂದರೆ 18 ಜನ. ಸೆಮಿಸ್ಟರಿಗೆ 12 ಗೋಷ್ಠಿ ಹಿಡಿದು, ಎರಡನ್ನು ಅಧ್ಯಾಪಕರಿಗೆ, ಎರಡನ್ನು ಹೊರಗಿನವರಿಗೆ ಬಿಟ್ಟರೆ ಸಂಶೋಧನಾರ್ಥಿಗಳಿಗೆ 8. ಮೂರು ವರ್ಷದಲ್ಲಿ 48. ಅಂದರೆ ಪ್ರತಿಯೊಬ್ಬರಿಗೂ ಎರಡು ಸಲ ಖಂಡಿತ, ಕೆಲವರಿಗೆ ಮೂರು ಸಲ. ಅಧ್ಯಾಪಕರೂ ತಮ್ಮ ಕರಡನ್ನು ತರಬೇಕು ಎಂಬುದನ್ನು ದಯವಿಟ್ಟು ಬಿಡಬೇಡಿ. ಮೇಷ್ಟ್ರ ಕರಡಿನಲ್ಲೂ ತಪ್ಪು ಹುಡುಕಬಹುದು ಎಂದು ಗೊತ್ತಾದ ದಿನ ವಿದ್ಯಾರ್ಥಿಗಳ ಅರ್ಧ ಭಯ ಹೋಗುತ್ತದೆ.

ಇನ್ನು ನಿಯಮವೇ ಕೊಟ್ಟಿರುವ ಎರಡು ಅವಕಾಶಗಳಿವೆ. ಪ್ರಬಂಧ ಸಲ್ಲಿಸುವ ಮೊದಲು ಸಂಶೋಧನಾ ಸಲಹಾ ಸಮಿತಿಯ ಮುಂದೆ ಮಾಡುವ ಮಂಡನೆ ಎಲ್ಲ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ತೆರೆದಿರಬೇಕು. ಮೌಖಿಕ ಪರೀಕ್ಷೆಯೂ ಹಾಗೆಯೇ. ಕಾಗದದ ಮೇಲೆ ತೆರೆದೇ ಇದೆ. ಆದರೆ ನೋಟಿಸ್ ಹಿಂದಿನ ಸಂಜೆ ಅಂಟುತ್ತದೆ, ಸಾರಾಂಶ ಯಾರ ಕೈಗೂ ಸಿಗುವುದಿಲ್ಲ, ಬಂದವರು ಅಭಿನಂದನೆ ಹೇಳಿ ಸಿಹಿ ತಿಂದು ಹೋಗುತ್ತಾರೆ. ಹತ್ತು ದಿನ ಮೊದಲು ನೋಟಿಸ್, ಜೊತೆಗೆ ಐದು ಪುಟದ ಸಾರಾಂಶ, ಇಷ್ಟು ಸಾಕು.

ದೊಡ್ಡ ಗೋಷ್ಠಿಗಳನ್ನು ನಿಲ್ಲಿಸಿ ಎಂದು ನಾವು ಹೇಳುತ್ತಿಲ್ಲ. ವರ್ಷಕ್ಕೊಂದು ಮಾಡಿ. ಅರವತ್ತು ಪ್ರಬಂಧದ ಬದಲು ಹನ್ನೆರಡು ಆರಿಸಿ, ಒಂದೊಂದಕ್ಕೆ ನಲವತ್ತು ನಿಮಿಷ ಕೊಡಿ, ಉದ್ಘಾಟನೆಯನ್ನು ಮೂವತ್ತು ನಿಮಿಷಕ್ಕೆ ಮುಗಿಸಿ, ಸನ್ಮಾನಕ್ಕೆ ಒಂದು ಪುಸ್ತಕ ಕೊಡಿ.

ಮುಂದಿನ ಸೆಮಿಸ್ಟರಿನ ತರಗತಿ ಶುರುವಾಗುವ ಮೊದಲು ವಿಭಾಗದ ಸಭೆಯಲ್ಲಿ ಇದನ್ನು ಒಂದು ವಿಷಯವಾಗಿ ಇಟ್ಟು, ದಿನ ಯಾವುದು, ಕೊಠಡಿ ಯಾವುದು, ಸಂಚಾಲಕರು ಯಾರು ಎಂಬ ಮೂರನ್ನು ತೀರ್ಮಾನಿಸಿ ಸೂಚನಾಫಲಕದಲ್ಲಿ ಹಾಕಬೇಕೆಂದು ಕೋರುತ್ತೇವೆ. ಮೊದಲ ನಾಲ್ಕು ವಾರಕ್ಕೆ ಪ್ರಬಂಧ ಕೊಡಲು ನಮ್ಮಲ್ಲಿ ಜನ ಸಿದ್ಧರಿದ್ದಾರೆ. ಒಪ್ಪಲಾಗದಿದ್ದರೆ ಯಾಕೆ ಎಂಬುದನ್ನು ಬರವಣಿಗೆಯಲ್ಲಿ ತಿಳಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ಮೈಸೂರು–ಮಂಡ್ಯ ಭಾಗದ ಕೆಲವು ಸಂಶೋಧನಾರ್ಥಿಗಳು ಮತ್ತು ಅಧ್ಯಾಪಕರು